ಬೈಗುಳಕ್ಕೆ ನೇತುಹಾಕಿದ ನಡಿಗೆ

ನಮ್ಮೂರಿನಲ್ಲಿ ಯಾವ ಅಭ್ಯಾಸವೂ ಒಂಟಿಯಾಗಿ ನಿಲ್ಲುವುದಿಲ್ಲ. ಹೊಸದಾಗಿ ಏನನ್ನಾದರೂ ರೂಢಿ ಮಾಡಿಕೊಳ್ಳಬೇಕೆಂದರೆ, ಮೊದಲೇ ಇರುವ ಯಾವುದಾದರೂ ಹಳೆಯ ರೂಢಿಗೆ ಅದನ್ನು ನೇತುಹಾಕಬೇಕು. ಇಲ್ಲದಿದ್ದರೆ ಇವತ್ತು ಮಾಡಿದ್ದು ನಾಳೆ ಬೆಳಿಗ್ಗೆ ಇರುವುದಿಲ್ಲ. ತಲೆಗೂ ನೆನಪಿರುವುದಿಲ್ಲ, ಕೈಕಾಲಿಗೂ ನೆನಪಿರುವುದಿಲ್ಲ. ಹಾಗೆ ಆಸರೆ ಕೊಡುವ ಹಳೆಯ ರೂಢಿಗೆ ನಾವು ಗೂಟ ಅನ್ನುತ್ತೇವೆ. ಮನೆಗೆ ಹೊಸ ಸೊಸೆ ಬಂದರೆ ಅತ್ತೆ ಕೇಳುವ ಮೊದಲ ಪ್ರಶ್ನೆ, "ನಿನ್ನ ಗೂಟಗಳು ಯಾವ್ಯಾವು ಹೇಳಮ್ಮ" ಎಂದು. ನಮ್ಮ ಕಾಲದಲ್ಲಿ ಶಾಲೆಯವರು ಮಗ್ಗಿಯನ್ನು ಊಟಕ್ಕೆ ನೇತುಹಾಕಿಸಿಬಿಟ್ಟಿದ್ದರು. ಅದರಿಂದಾಗಿ ಈಗಲೂ ನಮ್ಮೂರ ಮದುವೆ ಮನೆಗಳಲ್ಲಿ ಎಲೆಯ ಮುಂದೆ ಕೂತ ದೊಡ್ಡ ದೊಡ್ಡ ಮನುಷ್ಯರು ಹದಿಮೂರರ ಮಗ್ಗಿ ಗೊಣಗಿಕೊಂಡೇ ಮೊದಲ ತುತ್ತು ಬಾಯಿಗಿಡುತ್ತಾರೆ. ಬೇರೆ ಊರಿನಿಂದ ಬಂದ ಬೀಗರು ಅದನ್ನು ಮಂತ್ರ ಎಂದುಕೊಂಡು ಕೈಮುಗಿದದ್ದೂ ಉಂಟು.

ಗೂಟ ಬಿದ್ದರೆ ಅದಕ್ಕೆ ನೇತುಹಾಕಿದ್ದೆಲ್ಲ ಅದರ ಜೊತೆಗೇ ಬೀಳುತ್ತದೆ. ರೇಡಿಯೋ ವಾರ್ತೆಗೆ ಗಡ್ಡ ಹೆರೆಯುವುದನ್ನು ನೇತುಹಾಕಿದ್ದ ಪೋಸ್ಟ್‌ಮಾಸ್ಟರು ರೇಡಿಯೋ ಕೆಟ್ಟ ಮೇಲೆ ಸನ್ಯಾಸಿಯಂತೆ ಓಡಾಡಬೇಕಾಯಿತು. ಹಾಗಾಗಿ ನಾವು ಗೂಟ ಆರಿಸುವಾಗ ಬಹಳ ಯೋಚನೆ ಮಾಡುತ್ತೇವೆ, ಹೆಣ್ಣು ನೋಡುವವರಿಗಿಂತ ಹೆಚ್ಚಾಗಿಯೇ. ನನ್ನ ಮಟ್ಟಿಗೆ ಹೇಳುವುದಾದರೆ, ನನ್ನ ಬೆಳಗಿನ ಗೂಟ ನನ್ನ ಮನೆಯೊಳಗೆ ಇರಲೇ ಇಲ್ಲ. ಅದು ಪಕ್ಕದ ಮನೆಯಲ್ಲಿತ್ತು. ಪಕ್ಕದ ಮನೆಯ ಪಂಚಾಕ್ಷರಯ್ಯನವರು ಬೆಳಿಗ್ಗೆ ಕಾಫಿಯ ಮೊದಲ ಗುಟುಕು ಕುಡಿದು, "ಏನೇ ಇದು, ಕಾಫಿನಾ ಕಲಗಚ್ಚಾ?" ಎಂದು ಹೆಂಡತಿಯ ಮೇಲೆ ಕೂಗುತ್ತಿದ್ದರಲ್ಲ, ಅದಕ್ಕೆ ನಾನು ಏಳುವುದನ್ನೂ ಪೊರಕೆ ಹಿಡಿಯುವುದನ್ನೂ ನೇತುಹಾಕಿಕೊಂಡಿದ್ದೆ. ಎರಡು ಮನೆಗೂ ಒಂದೇ ಗೋಡೆ. ಆ ಗೋಡೆ ಅವರ ಕೂಗನ್ನು ಒಂದು ದಿನವೂ ತಡೆದದ್ದಿಲ್ಲ.

ಪಂಚಾಕ್ಷರಯ್ಯನವರದು ಪೇಟೆ ಬೀದಿಯಲ್ಲಿ ಸ್ಟೀಲು ಪಾತ್ರೆಯ ಅಂಗಡಿ. ಕೊಂಡವರ ಹೆಸರನ್ನು ಪಾತ್ರೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದು ಕೊಡುವುದರಲ್ಲಿ ಅವರ ಕೈಯನ್ನು ಮೀರಿಸುವವರಿರಲಿಲ್ಲ. ಮನುಷ್ಯ ಕೆಟ್ಟವರಲ್ಲ, ಕುಡಿತ ಇಲ್ಲ, ಇಸ್ಪೀಟು ಇಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವರಲ್ಲ. ಆದರೆ ಒಳ್ಳೆಯ ಮಾತು ಅನ್ನುವುದು ಅವರ ಬಾಯಿಂದ ಬಂದದ್ದನ್ನು ಕೇಳಿದವರೂ ಇಲ್ಲ. ಅವರ ಹೆಂಡತಿ ಗೌರಾಂಬ, ನಮಗೆಲ್ಲ ಗೌರಕ್ಕ, ನಮ್ಮ ಬೀದಿಯಲ್ಲೇ ಒಳ್ಳೆಯ ಕಾಫಿ ಮಾಡುವವಳು. ಬೀಜ ತಾನೇ ಹುರಿಯುತ್ತಿದ್ದಳು. ಫಿಲ್ಟರಿನಿಂದ ಡಿಕಾಕ್ಷನ್ ಇಳಿಯುವಾಗ ಹತ್ತಿರ ಯಾರೂ ಗಟ್ಟಿಯಾಗಿ ಮಾತಾಡುವ ಹಾಗಿರಲಿಲ್ಲ. ಆ ಕಾಫಿ ಕುಡಿದೇ ಆತ ಕಲಗಚ್ಚು ಅನ್ನುತ್ತಿದ್ದದ್ದು. ಅಂದು, ಲೋಟದ ತಳ ಕಾಣುವವರೆಗೂ ಕುಡಿದು, ಅಂಗಡಿಗೆ ಹೊರಡುತ್ತಿದ್ದದ್ದು.

"ಒಂದು ಸಲ ಚೆನ್ನಾಗಿದೆ ಅನ್ನಲಿ ಚಂಪಾ" ಎಂದು ಗೌರಕ್ಕ ನನ್ನ ಹತ್ತಿರ ಹೇಳುತ್ತಿದ್ದಳು. "ಒಂದೇ ಸಲ. ಆಮೇಲೆ ಬೇಕಾದ್ರೆ ಬೈಕೊಂಡೇ ಸಾಯ್ಲಿ."

"ಅದೇನು ದೊಡ್ಡ ಆಸೆ ಅಂತ ಇಟ್ಕೊಂಡಿದೀಯಕ್ಕ? ನಾನು ಹೇಳ್ತೀನಲ್ಲ ದಿನಾ" ಎಂದರೆ, "ನೀನು ಇಲ್ಲಿ ಕುಡಿದು ಹೇಳಿದ್ರೆ ನಿನ್ನ ಗಂಡನಿಗೆ ಸಕ್ಕರೆ ಉಳೀತು ಅಂತ ಅರ್ಥ" ಎಂದು ನನ್ನ ಕೈಯಿಂದ ಖಾಲಿ ಲೋಟ ಕಿತ್ತುಕೊಳ್ಳುತ್ತಿದ್ದಳು.

ಹೋದ ವರ್ಷ ಚಳಿಗಾಲದ ಒಂದು ಬೆಳಿಗ್ಗೆ ನನಗೆ ಎಚ್ಚರವೇ ಆಗಲಿಲ್ಲ. ಬಿಸಿಲು ಮುಖಕ್ಕೆ ಹೊಡೆದಾಗ ಕಣ್ಣು ಬಿಟ್ಟೆ. ಪಕ್ಕದ ಮನೆಯಿಂದ ಬೈಗುಳ ಕೇಳಿಸಿರಲಿಲ್ಲ. ಪಂಚಾಕ್ಷರಯ್ಯನವರಿಗೆ ಲಕ್ವ ಹೊಡೆದು, ಬಲಗೈ ಬಲಗಾಲು ಎರಡೂ ಹೋಗಿ, ಮಾತೂ ನಿಂತು, ಅವರನ್ನು ಆಸ್ಪತ್ರೆಗೆ ಸಾಗಿಸಿ ಆಗಿತ್ತು. ವಾಪಸು ಕರೆತಂದಾಗ ಡಾಕ್ಟರು ಹೇಳಿ ಕಳಿಸಿದ್ದ ಮಾತು ಒಂದೇ: ಕಾಲಿಗೆ ಜೀವ ಇನ್ನೂ ಇದೆ, ಆದರೆ ದಿನಾ ಆಡಿಸಬೇಕು, ದಿನಾ ನಡೆಸಬೇಕು, ಬಿಟ್ಟರೆ ಕೊರಡಾಗಿ ಹೋಗುತ್ತದೆ. ಬೇರೆ ಊರಿನವರಿಗೆ ಅದು ಬರಿಯ ಶ್ರಮದ ಮಾತು. ನಮ್ಮೂರಿನಲ್ಲಿ ದಿನಾ ಅನ್ನುವ ಶಬ್ದ ಕೇಳಿದ ಕೂಡಲೇ ಎದೆ ಝಲ್ಲೆನ್ನುತ್ತದೆ. ಯಾವುದಕ್ಕೆ ನೇತುಹಾಕುವುದು?

ಲಕ್ವ ಹೊಡೆದಾಗ ಅವರ ಗೂಟಗಳೆಲ್ಲ ಒಟ್ಟಿಗೇ ಕಿತ್ತುಹೋಗಿದ್ದವು. ಹಲ್ಲುಜ್ಜುವುದು ಹೋಯಿತು, ವಿಭೂತಿ ಹಚ್ಚುವುದು ಹೋಯಿತು, ಪೇಪರು ಓದುವುದು ಹೋಯಿತು. ಮಗ ಅಂಗಡಿ ನೋಡಿಕೊಳ್ಳುತ್ತಿದ್ದ. ಅವನು ಬೆಳಿಗ್ಗೆ ಅಂಗಡಿಯ ಬೀಗದ ಕೈ ತಂದು ಅಪ್ಪನ ಕೈಯಲ್ಲಿಟ್ಟು ನೋಡಿದ. ಅದು ಯಾರದೋ ವಸ್ತು ಅನ್ನುವ ಹಾಗೆ ಅವರು ಹಾಸಿಗೆಯ ಮೇಲೆ ಬಿಟ್ಟರು. ಸೊಸೆ ಎಲೆ ಅಡಿಕೆ ತಟ್ಟೆ ಮುಂದಿಟ್ಟಳು. ಅದಕ್ಕೂ ಏನಿಲ್ಲ. ಗೌರಕ್ಕ ಒಂದೊಂದೇ ರೂಢಿಯನ್ನು ಅವರ ಮುಂದೆ ತಂದು ತೋರಿಸುತ್ತ, ಮಗು ಕಳೆದುಕೊಂಡವಳಂತೆ ಒಳಗೂ ಹೊರಗೂ ಓಡಾಡಿದಳು. ಅವಳಿಗೆ ಕೂರಲೂ ಆಗುತ್ತಿರಲಿಲ್ಲ, ನಿಲ್ಲಲೂ ಆಗುತ್ತಿರಲಿಲ್ಲ. ನನ್ನ ಮನೆಗೆ ಬಂದು, ಬಂದದ್ದು ಯಾಕೆಂದು ಮರೆತು ಹಾಗೇ ವಾಪಸಾಗುತ್ತಿದ್ದಳು.

ಒಂದು ಬೆಳಿಗ್ಗೆ ಕಾಫಿಯನ್ನು ಚಮಚದಲ್ಲಿ ಕುಡಿಸುತ್ತಿದ್ದಳು. ಗುಟುಕು ಒಳಗೆ ಹೋಯಿತು. ಪಂಚಾಕ್ಷರಯ್ಯನವರ ಹುಬ್ಬು ಗಂಟಾಯಿತು. ಸೊಟ್ಟಗಾಗಿದ್ದ ಬಾಯಿಯನ್ನು ಬಹಳ ಕಷ್ಟಪಟ್ಟು ತಿರುಗಿಸಿ, "ಕಲ... ಗಚ್ಚು" ಎಂದರು.

ಗೌರಕ್ಕ ಚಮಚ ಎಸೆದು ನಮ್ಮ ಮನೆಗೆ ಓಡಿಬಂದಳು. ಅಳುತ್ತಿದ್ದಳು, ನಗುತ್ತಿದ್ದಳು. "ಬೈದ್ರು ಕಣೇ ಚಂಪಾ! ಬೈದ್ರು!" ಎಂದು ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು. ಗಂಡ ಬೈದನೆಂದು ಇಷ್ಟು ಸಂತೋಷಪಟ್ಟ ಹೆಂಗಸನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ನಿಜ ಹೇಳಬೇಕೆಂದರೆ ಆ ಎರಡು ತುಂಡು ಶಬ್ದಕ್ಕೇ ನನ್ನ ಕೈ ತಾನಾಗಿ ಪೊರಕೆ ಹುಡುಕಿಕೊಂಡು ಹೋಗಿತ್ತು.

ಅಂಥ ಸಮಯದಲ್ಲಿ ನಾವು ಹೋಗುವುದು ಹಾಲಮ್ಮಜ್ಜಿಯ ಹತ್ತಿರ. ಆಕೆ ಯಾವ ದೇವರ ಹೆಸರನ್ನೂ ಹೇಳುವುದಿಲ್ಲ, ತಾಯಿತ ಕಟ್ಟುವುದಿಲ್ಲ. ಊರಿನಲ್ಲಿ ಯಾರು ಯಾವುದನ್ನು ಯಾವುದಕ್ಕೆ ನೇತುಹಾಕಿ ಕೆಟ್ಟರು ಎನ್ನುವುದನ್ನೆಲ್ಲ ನೋಡಿದವಳು, ಅಷ್ಟೇ. ಗೌರಕ್ಕನ ಮಾತನ್ನೆಲ್ಲ ಕೇಳಿ, ಬಿಡಿಸುತ್ತಿದ್ದ ಅವರೆಕಾಯಿಯಿಂದ ಕಣ್ಣು ಎತ್ತದೆ ಅಂದಳು:

"ಒಂದು ಗೂಟ ಉಳ್ಕೊಂಡಿದೆಯಲ್ಲ, ಸಾಕು. ಅದಕ್ಕೇ ನೇತುಹಾಕು. ಆದ್ರೆ ಮೊದಲ ದಿನವೇ ಮೆರವಣಿಗೆ ಹೊರಡಿಸಬೇಡ. ಬೈದು ಮುಗಿಸಿದ ತಕ್ಷಣ ಹಿಮ್ಮಡಿ ಒಂದು ಸಲ ಮೇಲಕ್ಕೆತ್ತಲಿ. ಅಷ್ಟೇ. ಅದು ಕೂತ ಮೇಲೆ ಮಂಡಿ. ಮಂಡಿ ಕೂತ ಮೇಲೆ ಏಳೋದು."

"ಎಷ್ಟು ದಿನ ಅಜ್ಜಿ?"

"ಮಾವು ಹೂ ಬಿಡ್ತಾ ಇದೆ ಈಗ. ಹಣ್ಣು ಮುಗಿಯೋ ಹೊತ್ತಿಗೆ ಬಲಿಯುತ್ತೆ. ಅಲ್ಲಿವರೆಗೆ ಒಂದು ದಿನ ತಪ್ಪೋ ಹಾಗಿಲ್ಲ ಗೌರಿ. ಬಲಿಯೋಕೆ ಮುಂಚೆ ಬಿದ್ದದ್ದು ಅದೇ ಗೂಟಕ್ಕೆ ಮತ್ತೆ ನಿಲ್ಲಲ್ಲ. ನೋಡಿದೀಯಲ್ಲ ಕೆಂಪರಾಜುನ."

ಕೆಂಪರಾಜುವನ್ನು ಎಲ್ಲರೂ ನೋಡಿದ್ದೆವು. ಅವನಿಗೂ ಲಕ್ವವೇ. ನಡೆಯುವುದನ್ನು ಎಮ್ಮೆ ಕರೆಯುವ ಹೊತ್ತಿಗೆ ನೇತುಹಾಕಿದ್ದರು. ಎಮ್ಮೆ ಒಂದು ದಿನ ಹಾಲು ಕೊಡಲಿಲ್ಲ. ಅವತ್ತಿನಿಂದ ಅವನು ಜಗಲಿಯ ಮೇಲೆ ಕೂತವನು ಕೂತೇ ಇದ್ದಾನೆ.

ಹೀಗೆ ಪಂಚಾಕ್ಷರಯ್ಯನವರ ಕಾಲು ಅವರ ಬೈಗುಳಕ್ಕೆ ನೇತುಬಿತ್ತು. ಬೆಳಿಗ್ಗೆ ಕಾಫಿ, ಗುಟುಕು, ಕಲಗಚ್ಚು, ಹಿಮ್ಮಡಿ. ಗೌರಕ್ಕ ಮೊದಮೊದಲು ಹಿಮ್ಮಡಿಯನ್ನು ತಾನೇ ಕೈಯಿಂದ ಎತ್ತಿದಳು. ಆಮೇಲೆ ಬೆರಳು ತಾಗಿಸಿದರೆ ಎದ್ದಿತು. ಒಂದು ದಿನ ತಾಗಿಸದೆಯೂ ಎದ್ದಿತು. ಅದರ ಹಿಂದೆ ಮಂಡಿ ಬಂತು. ಮಾವಿನ ಮಿಡಿ ಉಪ್ಪಿನಕಾಯಿಗೆ ಬರುವ ಹೊತ್ತಿಗೆ ಬೈದು ಮುಗಿಸಿ ಮಂಚದಿಂದ ಎದ್ದು ನಿಲ್ಲುತ್ತಿದ್ದರು. ಬೈಗುಳವೂ ಕಾಲಿನ ಜೊತೆಗೇ ಚೇತರಿಸಿಕೊಂಡಿತು, ತುಂಡು ಶಬ್ದ ಹೋಗಿ ಪೂರ್ತಿ ವಾಕ್ಯವಾಯಿತು. ಆಮೇಲೆ ಕೋಲು ಹಿಡಿದು ಬಾಗಿಲವರೆಗೆ, ಬಾಗಿಲಿನಿಂದ ಜಗಲಿಗೆ, ಜಗಲಿಯಿಂದ ಬೀದಿಯ ತುದಿಯ ಬೇವಿನ ಮರದವರೆಗೆ ಹೋಗಿ ಬರತೊಡಗಿದರು. ಇಡೀ ಬೀದಿ ಬಾಗಿಲಲ್ಲಿ ನಿಂತು ನೋಡುತ್ತಿತ್ತು. ಒಂದು ಬೈಗುಳಕ್ಕೆ ಇಷ್ಟು ಶಕ್ತಿಯಿದೆಯೆಂದು ನಮ್ಮ ಗಂಡಂದಿರು ಒಳಗೊಳಗೇ ಹಿಗ್ಗಿದರೇನೋ, ಯಾರಿಗೆ ಗೊತ್ತು.

ಗೌರಕ್ಕನಿಗೆ ಮಾತ್ರ ನೆಮ್ಮದಿ ಇರಲಿಲ್ಲ. ಗಂಡ ಬದಲಾಗುತ್ತಿದ್ದುದನ್ನು ಅವಳು ನಮಗಿಂತ ಮೊದಲೇ ಕಂಡಿದ್ದಳು. ಮೊದಲು ಆತ ಲೋಟ ನೋಡುತ್ತ ಬೈಯುತ್ತಿದ್ದರು. ಈಗ ಲೋಟ ಕೊಟ್ಟ ಕೈಯನ್ನು ನೋಡುತ್ತಿದ್ದರು. ಆ ಕೈ ಅವರ ಮೈ ಒರೆಸುತ್ತಿತ್ತು, ಬಟ್ಟೆ ಬದಲಿಸುತ್ತಿತ್ತು, ಜಾರಿ ಬಿದ್ದ ದಿನ ಅವರ ತಲೆಯ ಕೆಳಗೆ ಸಿಕ್ಕಿ ಜಜ್ಜಿಹೋಗಿತ್ತು. ನೋಡುತ್ತ ನೋಡುತ್ತ ಅವರ ಬೈಗುಳಕ್ಕೆ ಮೊದಲಿನ ಖಾರ ಇಲ್ಲವಾಯಿತು. "ಏನೇ ಇದು" ಎನ್ನುವವರೆಗೆ ಸರಿಯಾಗಿ ಬರುತ್ತಿತ್ತು. ಆಮೇಲಿನದು ಬಾಯೊಳಗೇ ಗೊಣಗಿದಂತೆ. ಎದ್ದು ನಿಲ್ಲುವಾಗ ಕಾಲು ಅಷ್ಟೇ ತಡವರಿಸುತ್ತಿತ್ತು.

ಅವಳು ಕಾಫಿ ಕೆಡಿಸಲು ಶುರುಮಾಡಿದಳು. ಅದು ಅವಳಿಗೆ ಎಷ್ಟು ಕಷ್ಟದ ಕೆಲಸ ಎನ್ನುವುದು ನನಗೊಬ್ಬಳಿಗೇ ಗೊತ್ತು. ಮೊದಲ ಡಿಕಾಕ್ಷನ್ ನನಗೆ ಕೊಟ್ಟು, ಎರಡನೆಯ ನೀರಿನದ್ದನ್ನು ಗಂಡನಿಗೆ ಕೊಟ್ಟಳು. ಹಾಲಿಗೆ ನೀರು ಬೆರೆಸಿದಳು. ಆರಿಸಿ ಕೊಟ್ಟಳು, ಮತ್ತೆ ಕುದಿಸಿ ಕೊಟ್ಟಳು, ಹಾಲು ಸೀಯಿಸಿ ಕೊಟ್ಟಳು. ಸೀದ ವಾಸನೆ ಮೂಗಿಗೆ ಬಡಿದಾಗ ಅವಳ ಮುಖ ಕಿವುಚಿಕೊಳ್ಳುತ್ತಿತ್ತು. "ಕೈ ಬರಲ್ಲ ಕಣೇ" ಎನ್ನುತ್ತಿದ್ದಳು, "ಕೆಟ್ಟದಾಗಿ ಮಾಡ್ಬೇಕು ಅಂತ ನಿಂತ್ರೂ ಕೈ ತಾನಾಗಿ ಸರಿ ಮಾಡ್ಬಿಡುತ್ತೆ." ಲೋಟ ಕೊಟ್ಟು ಬಾಗಿಲ ಹಿಂದೆ ನಿಂತು, ಉಸಿರು ಬಿಗಿಹಿಡಿದು, ಬೈಗುಳಕ್ಕಾಗಿ ಕಾಯುತ್ತಿದ್ದಳು. ಬೈದ ಮೇಲೆ ಉಸಿರು ಬಿಡುತ್ತಿದ್ದಳು. ಹಗಲೆಲ್ಲ ನಾಳೆಯದೇ ಯೋಚನೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಸೊಸೆಯನ್ನು ಕೇಳುತ್ತಿದ್ದಳು, ಸೊಸೆ ಹೇಳುವ ಮೊದಲೇ ಇನ್ನೊಂದು ಕೋಣೆಗೆ ಹೋಗಿರುತ್ತಿದ್ದಳು.

ಮಾವಿನ ಹಣ್ಣು ಪೇಟೆಗೆ ಬಂದ ಕಾಲಕ್ಕೆ ಒಂದು ಬೆಳಿಗ್ಗೆ ಪಂಚಾಕ್ಷರಯ್ಯನವರು ಸೀದ ಕಾಫಿಯ ಗುಟುಕು ನುಂಗಿ, "ಪರವಾಗಿಲ್ಲ" ಎಂದರು. ಗೋಡೆಯ ಈಚೆ ನಾನು ಹಾಸಿಗೆಯಲ್ಲೇ ಕಲ್ಲಾದೆ. ಪುಣ್ಯಕ್ಕೆ ಎರಡನೆಯ ಗುಟುಕಿಗೆ ಕೆಮ್ಮು ಬಂದು, ಕೆಮ್ಮಿನ ಸಿಟ್ಟಿಗೆ ಕಲಗಚ್ಚು ಎನ್ನುವುದೂ ಬಂತು. ಅವರು ಎದ್ದು ನಡೆದರು. ಗೌರಕ್ಕ ಸೆರಗು ಸಿಕ್ಕಿಸಿಕೊಂಡು ನೇರವಾಗಿ ಹಾಲಮ್ಮಜ್ಜಿಯ ಮನೆಗೆ ಓಡಿದಳು. ನಾನೂ ಹಿಂದೆ ಹೋದೆ.

"ಗೂಟ ಸಡಿಲ ಆಗಿದೆ" ಎಂದಳು ಅಜ್ಜಿ. "ಮನಸ್ಸು ಮೆತ್ತಗಾದ್ರೆ ಹಂಗೇ. ಬೇರೆ ಯಾವುದೂ ಸಿಕ್ಕಲಿಲ್ವಾ ಅವನಲ್ಲಿ?"

"ಎಲ್ಲಾ ನೋಡ್ದೆ ಅಜ್ಜಿ. ಪೂಜೆ ನೋಡ್ದೆ, ಪೇಪರು ನೋಡ್ದೆ, ಅಂಗಡಿ ನೋಡ್ದೆ. ಒಂದೂ ಹಿಡೀಲಿಲ್ಲ."

"ಹಾಗಾದ್ರೆ ಹಣ್ಣು ಮುಗಿಯೋವರೆಗೆ ಹೆಂಗಾದ್ರೂ ಬೈಸ್ಕೊ. ಇನ್ನೇನು, ಜಾಸ್ತಿ ದಿನ ಇಲ್ಲ."

ಮನೆ ಹತ್ತಿರ ಬಂದಾಗ ಗೌರಕ್ಕ, "ಪರವಾಗಿಲ್ಲ ಅಂದ್ರಲ್ಲ ಚಂಪಾ, ಆಗ ನನಗೆ ಏನಾಯ್ತು ಗೊತ್ತಾ? ಒಂದು ಗಳಿಗೆ ಖುಷಿ ಆಯ್ತು ಕಣೇ. ಅವರ ಕಾಲು ನೆನಪೇ ಬರಲಿಲ್ಲ ನನಗೆ. ಎಂಥ ಹೆಂಗಸು ನಾನು" ಎಂದಳು. ನಾನು ಅವಳ ಬೆನ್ನು ಸವರಿದೆ.

ಮಾರನೆಯ ಬೆಳಿಗ್ಗೆ ಅವಳು ಕಾಫಿಗೆ ಉಪ್ಪು ಹಾಕಿದಳು. ಚಿಟಿಕೆಯಲ್ಲ, ಹಿಡಿ ಹಿಡಿದು ಹಾಕಿದಳು. ಕಲಗಚ್ಚನ್ನಾದರೂ ಎಮ್ಮೆ ಕುಡಿಯುತ್ತದೆ, ಇದನ್ನು ಎಮ್ಮೆಯೂ ಮೂಸುವ ಹಾಗಿರಲಿಲ್ಲ. ಲೋಟ ಗಂಡನ ಕೈಗಿಟ್ಟು, ಈ ಸಲ ಬಾಗಿಲ ಹಿಂದೆ ಹೋಗದೆ ಎದುರಿಗೇ ನಿಂತಳು. ಮುಂದೆ ನಡೆದದ್ದರಲ್ಲಿ ಅರ್ಧ ಗೋಡೆ ನನಗೆ ಹೇಳಿತು, ಉಳಿದರ್ಧ ಅವಳೇ ಆಮೇಲೆ ಹೇಳಿದಳು.

ಪಂಚಾಕ್ಷರಯ್ಯನವರು ಗುಟುಕು ತೆಗೆದುಕೊಂಡರು. ಅವರ ಕಣ್ಣಲ್ಲಿ ನೀರು ಬಂತು. ಉಗುಳಲಿಲ್ಲ, ನುಂಗಿದರು. ಲೋಟವನ್ನು ನೋಡಿದರು, ಹೆಂಡತಿಯ ಕೈಯನ್ನು ನೋಡಿದರು, ಅವಳ ಮುಖವನ್ನು ನೋಡಿದರು. ಅವಳಿಗೆ ಉಪ್ಪು ಯಾವುದು ಸಕ್ಕರೆ ಯಾವುದು ಅನ್ನುವುದೂ ತಿಳಿಯದಷ್ಟು ದಣಿವಾಗಿದೆ ಎಂದುಕೊಂಡರೋ ಏನೋ. ಇನ್ನೊಂದು ಗುಟುಕು ಕುಡಿದು, ಮದುವೆಯಾದಾಗಿನಿಂದ ಹೇಳದೇ ಇದ್ದದ್ದನ್ನು ಹೇಳಿದರು.

"ಚೆನ್ನಾಗಿದೆ ಕಣೇ."

ಅಷ್ಟು ಹೇಳಿ ಲೋಟ ಕೆಳಗಿಟ್ಟರು. ಏಳಬೇಕು ಅನ್ನುವುದು ಅವರ ಮೈಗೆ ಗೊತ್ತಾಗಲಿಲ್ಲ. ಹಿಮ್ಮಡಿ ಅಲ್ಲಾಡಲಿಲ್ಲ. ಗೋಡೆಗೆ ಒರಗಿಸಿದ್ದ ಕೋಲನ್ನು ಒಮ್ಮೆ ನೋಡಿದರು, ಅದು ಯಾಕೆ ಅಲ್ಲಿದೆ ಎಂದು ಯೋಚಿಸುವ ಹಾಗೆ, ಮತ್ತೆ ಕಿಟಕಿಯ ಕಡೆ ತಿರುಗಿದರು. ಗೌರಕ್ಕನ ಕಣ್ಣೆದುರಿಗೇ, ಇಷ್ಟು ತಿಂಗಳು ಹಿಮ್ಮಡಿಯಿಂದ ಹಿಡಿದು ಬೇವಿನ ಮರದವರೆಗೆ ಕಟ್ಟಿದ್ದೆಲ್ಲ ಜಾರಿ ಬೀಳುತ್ತಿತ್ತು. ಬೀಳಿಸುತ್ತಿದ್ದದ್ದು ಅವಳು ಜನ್ಮವೆಲ್ಲ ಕಾದಿದ್ದ ಮಾತು.

ಅವಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು. ಅಂಥ ಸಿಟ್ಟು ಅವಳೊಳಗೆ ಇದೆಯೆಂದು ನಮಗಾರಿಗೂ ಗೊತ್ತಿರಲಿಲ್ಲ. ನನ್ನನ್ನು ಅವತ್ತು ಹಾಸಿಗೆಯಿಂದ ಎಬ್ಬಿಸಿದ್ದು ಅವಳ ಗಂಟಲು.

"ಏನಂದ್ರಿ? ಚೆನ್ನಾಗಿದೆಯಾ? ಇದಾ? ಇದಕ್ಕೆ ಒಂದು ಹಿಡಿ ಉಪ್ಪು ಸುರಿದಿದೀನಿ ಕಣ್ರೀ! ನಾಲಿಗೆ ಅನ್ನೋದು ಇದೆಯಾ ನಿಮಗೆ? ಬೀಜ ಹುರಿದು, ಒಲೆ ಮುಂದೆ ನಿಂತು, ಮನಸ್ಸಿಟ್ಟು ಮಾಡಿದ ದಿನವೆಲ್ಲ ಕಲಗಚ್ಚು. ಉಪ್ಪು ಹಾಕಿದ ದಿನ ಚೆನ್ನಾಗಿದೆ! ಒಂದು ದಿನ ಬಾಯ್ಬಿಟ್ಟು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಈಗ ಹೇಳ್ತೀರಾ? ಈಗ? ಬೇಡ ಅನ್ನೋ ಹೊತ್ತಲ್ಲಿ?"

ಪಂಚಾಕ್ಷರಯ್ಯನವರು ಕಕ್ಕಾಬಿಕ್ಕಿಯಾಗಿ ಅವಳನ್ನೇ ನೋಡಿದರು. ಅವಳು ನಿಲ್ಲಿಸಲಿಲ್ಲ.

"ನಮ್ಮಮ್ಮ ಹೋದ ಸುದ್ದಿ ಬಂತಲ್ಲ, ನೆನಪಿದೆಯಾ ಆ ಬೆಳಿಗ್ಗೆ? ಬಸ್ಸಿಗೆ ಹೊತ್ತಾಗುತ್ತೆ ಅಂತ ನಾನು ಸೀರೆ ಸುತ್ಕೊಳ್ತಾ ಇದ್ರೆ, ಕಾಫಿ ಕೊಟ್ಟು ಹೋಗು ಅಂದ್ರಿ. ಕೊಟ್ಟೆ. ಕಣ್ಣು ಕಾಣ್ತಿರಲಿಲ್ಲ ನನಗೆ ನೀರು ತುಂಬ್ಕೊಂಡು, ಆದ್ರೂ ಮಾಡಿ ಕೊಟ್ಟೆ. ಕುಡಿದು ಏನಂದ್ರಿ?"

ಆಗ ನಡೆದದ್ದನ್ನು ನಾನು ಕಿಟಕಿಯಿಂದ ಕಣ್ಣಾರೆ ಕಂಡೆ, ಅಷ್ಟು ಹೊತ್ತಿಗೆ ಅವರ ಅಂಗಳದಲ್ಲಿದ್ದೆ. ಪಂಚಾಕ್ಷರಯ್ಯನವರ ಎಡಗಾಲು ಮಂಚದ ಕೆಳಗೆ ಏನನ್ನೋ ತಡಕಿತು. ಆಮೇಲೆ ಬಲಗಾಲೂ ತಡಕಿತು. ಚಪ್ಪಲಿ. ಎರಡೂ ಪಾದ ಚಪ್ಪಲಿಯೊಳಗೆ ತೂರಿದವು. ಕೈ ಕೋಲು ಹಿಡಿಯಿತು. ಅವರು ಎದ್ದು, ತಲೆ ತಗ್ಗಿಸಿ, ಬಾಗಿಲು ದಾಟಿ ಹೊರಟೇಬಿಟ್ಟರು.

ಹೆಂಡತಿ ಮನಸ್ಸಿನಲ್ಲಿದ್ದದ್ದನ್ನು ಹೇಳಲು ಬಾಯಿ ತೆರೆದ ಕೂಡಲೇ ಚಪ್ಪಲಿ ಮೆಟ್ಟಿ ಹೊರಗೆ ಹೋಗುವುದು! ಮದುವೆಯಾದಂದಿನಿಂದ ಅವರು ಮಾಡಿದ್ದು ಅದನ್ನೇ. ಅವಳು ಎರಡು ಮಾತು ಆಡುವುದರೊಳಗೆ ಆತ ಪೇಟೆ ಬೀದಿಯಲ್ಲಿರುತ್ತಿದ್ದರು. ಗೂಟ ಹುಡುಕಿ ಹುಡುಕಿ ನಾವೆಲ್ಲ ಸುಸ್ತಾಗಿದ್ದೆವಲ್ಲ, ಇದೊಂದು ರೂಢಿ ಎನ್ನುವುದೇ ನಮಗೆ ಹೊಳೆದಿರಲಿಲ್ಲ. ಎಲ್ಲರ ಮನೆಯಲ್ಲೂ ಇರುವುದೇ ಆದ್ದರಿಂದ ಗಂಡಸರ ಜಾತಿಗುಣ ಎಂದು ಬಿಟ್ಟಿದ್ದೆವು. ಹಾಲಮ್ಮಜ್ಜಿಗೂ ಹೊಳೆದಿರಲಿಲ್ಲ ನೋಡಿ. ಹೊಳೆಯಬೇಕಾದರೆ ಗೌರಕ್ಕ ಇಷ್ಟು ತಿಂಗಳಲ್ಲಿ ಒಮ್ಮೆಯಾದರೂ ತನ್ನ ಮನಸ್ಸಿನ ಮಾತು ಆಡಬೇಕಿತ್ತು. ರೋಗಿಯ ಹತ್ತಿರ ಅದೇನು ಆಡುವುದೆಂದು ಅವಳು ಬಾಯಿ ಹೊಲಿದುಕೊಂಡಿದ್ದಳು.

ಗೌರಕ್ಕ ಖಾಲಿ ಮಂಚ ನೋಡಿದಳು. ಅವಳಿಗೂ ಅರ್ಥವಾಯಿತು. ಮಾತು ನಿಲ್ಲಿಸಿದರೆ ಆತ ನಿಲ್ಲುತ್ತಾರೆ. ಸೆರಗು ಎಳೆದು ಸೊಂಟಕ್ಕೆ ಬಿಗಿದು ಬೀದಿಗಿಳಿದಳು.

"ಅವತ್ತೂ ಹೀಗೇ ಹೋದ್ರಿ! ನಿಲ್ಲಬೇಡಿ, ಹೋಗಿ. ನಾನೂ ಬರ್ತೀನಿ. ಇವತ್ತು ಎಲ್ಲಿಗೆ ಹೋಗ್ತೀರೋ ಅಲ್ಲಿಗೇ ಬಂದು ಹೇಳ್ತೀನಿ."

ಆತ ಮುಂದೆ, ಇವಳು ಹಿಂದೆ. ಬಲಗಾಲು ಎಳೆಯುತ್ತಿತ್ತು, ಕೋಲು ಟಕ್ ಟಕ್ ಅನ್ನುತ್ತಿತ್ತು. ಮನೆಮನೆಯ ಬಾಗಿಲು ತೆರೆಯಿತು. ಬೈಗುಳ ಕೇಳಿಸದೆ ಪೊರಕೆ ಹಿಡಿಯದ ನನ್ನ ಬರಿಗೈ ನನಗೇ ವಿಚಿತ್ರವಾಗಿ ಕಂಡಿತು; ಹಾಗೇ ಅವರ ಹಿಂದೆ ಹೆಜ್ಜೆ ಹಾಕಿದೆ. ಬೇವಿನ ಮರ ಬಂತು. ದಿನಾ ತಿರುಗುತ್ತಿದ್ದ ಜಾಗ ಅದು. ಅವಳು ಆಗ ತನ್ನ ಮೊದಲ ಹೆರಿಗೆಯ ಮಾತು ತೆಗೆದಿದ್ದಳು. ಆತ ಮರವನ್ನು ಕಣ್ಣೆತ್ತಿಯೂ ನೋಡದೆ ದಾಟಿದರು. ಪೇಟೆ ಬೀದಿಯಲ್ಲಿ ಮಗ ಅಂಗಡಿಯ ಬಾಗಿಲು ತೆಗೆಯುತ್ತಿದ್ದವನು ಬೀಗ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತ. ಅಪ್ಪ ಅವನ ಮುಂದೆಯೇ ಹೋದರು, ಅಮ್ಮ ಅವರ ಹಿಂದೆಯೇ ಹೋದಳು. ತಡೆಯಲು ಬಂದವನಿಗೆ ನಾನು ಕೈಸನ್ನೆ ಮಾಡಿ ಸುಮ್ಮನಿರಿಸಿದೆ.

ಊರು ಮುಗಿಯುವಲ್ಲಿ ರಸ್ತೆಗೆ ಒಂದು ಮೋರಿಯಿದೆ, ಅದಕ್ಕೆ ಮೊಣಕಾಲೆತ್ತರದ ಕಟ್ಟೆ. ಅಲ್ಲಿಗೆ ಬರುವಷ್ಟರಲ್ಲಿ ಪಂಚಾಕ್ಷರಯ್ಯನವರ ದಮ್ಮು ಮುಗಿದಿತ್ತು. ಕಟ್ಟೆಯ ಮೇಲೆ ಕುಸಿದು ಕೂತರು. ಮುಂದೆ ಹೋಗಲು ಶಕ್ತಿಯಿರಲಿಲ್ಲ, ಹಿಂದೆ ಹೋಗೋಣವೆಂದರೆ ಹೆಂಡತಿ ನಿಂತಿದ್ದಳು. ಹೆಂಡತಿಯ ಮಾತಿನ ನಡುವೆ ಆ ಮನುಷ್ಯ ಕೂತದ್ದು ಅದೇ ಮೊದಲಿರಬೇಕು.

ಗೌರಕ್ಕನೂ ಏದುಸಿರು ಬಿಡುತ್ತಿದ್ದಳು. ಅವಳ ಮಾತು ತಿರುಗಿ ತಿರುಗಿ ಅದೇ ಬೆಳಿಗ್ಗೆಗೆ ಬಂದಿತ್ತು. "ಅಮ್ಮ ಸತ್ತಿದ್ಲು ಕಣ್ರೀ. ನಮ್ಮಮ್ಮ..."

"ಅವತ್ತಿನ ಕಾಫಿ" ಎಂದರು ಪಂಚಾಕ್ಷರಯ್ಯ. ಉಸಿರು ಸಾಲದೆ ಮಾತು ಅರ್ಧಕ್ಕೇ ನಿಂತಿತು.

"ಹ್ಞೂಂ, ಹೇಳಿ. ಕಲಗಚ್ಚಾಗಿತ್ತು. ಗೊತ್ತಲ್ಲ ನನಗೆ."

"ಚೆನ್ನಾಗಿತ್ತು."

ಒಂದು ಎತ್ತಿನ ಗಾಡಿ ಬಂತು; ಗಾಡಿಯವನು ನಮ್ಮನ್ನು ನೋಡಿ ಏನೋ ಕೇಳಲು ಹೋಗಿ, ಕೇಳದೆ ದಾಟಿದ.

"ಮತ್ತೆ ಯಾಕೆ ಹಾಗಂದ್ರಿ?" ಎಂದಳು ಅವಳು. ಗಂಟಲಿನಲ್ಲಿ ಮೊದಲಿನ ಜೋರು ಇರಲಿಲ್ಲ.

"ನಿನ್ನ ಮುಖ ನೋಡ್ದೆ. ಏನಾದ್ರೂ ಹೇಳ್ಬೇಕು ಅನ್ನಿಸ್ತು. ಬಾಯಿ ತೆಗೆದೆ. ಬಂದಿದ್ದು ಅದೊಂದೇ."

ಬೇರೆ ಊರಿನಲ್ಲಾಗಿದ್ದರೆ ಇದನ್ನು ಸಬೂಬು ಅನ್ನುತ್ತಿದ್ದರು. ನಮ್ಮೂರಿನವಳಾದ ನನಗೆ ಅದು ಸುಳ್ಳೆಂದು ಅನ್ನಿಸಲಿಲ್ಲ. ಸಮಾಧಾನದ ಮಾತನ್ನು ಆತ ಯಾವತ್ತೂ ಯಾವುದಕ್ಕೂ ನೇತುಹಾಕಿಕೊಂಡಿರಲಿಲ್ಲ. ಆದರೂ ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಅಷ್ಟು ವರ್ಷ ಸಿಕ್ಕಿತ್ತಲ್ಲ, ಹುಡುಕಿ ಒಂದು ಗೂಟ ಹೊಡೆದುಕೊಳ್ಳಬಹುದಿತ್ತು.

ಗೌರಕ್ಕ ಈಗ ಅಳುತ್ತಾಳೆ, ಕಣ್ಣೊರೆಸಿಕೊಂಡು ಹೋಗಲಿ ಬಿಡಿ ಅನ್ನುತ್ತಾಳೆ ಎಂದು ನಾನು ಕಾದೆ. ಅವಳು ಅತ್ತಳು. ಆದರೆ ಹೋಗಲಿ ಬಿಡಿ ಅನ್ನಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಗಂಡನ ಕಾಲುಗಳನ್ನೇ ದಿಟ್ಟಿಸಿದಳು. ಬಲಗಾಲಿನ ಮೀನಖಂಡ ಸಣ್ಣಗೆ ನಡುಗುತ್ತಿತ್ತು.

"ನಂದಿನ್ನೂ ಮುಗಿದಿಲ್ಲ" ಎಂದಳು.

"ಹೇಳು. ಕೇಳ್ತೀನಿ" ಎಂದರು ಪಂಚಾಕ್ಷರಯ್ಯ.

"ಕೂತ್ಕೊಂಡು ಕೇಳೋ ಹಾಗಿಲ್ಲ. ಏಳಿ. ನಡ್ಕೊಂಡು ಕೇಳಿ."

ಅವರು ಕೋಲನ್ನು ಎಡಗೈಯಲ್ಲಿ ಊರಿಕೊಂಡು, ಬಲಗೈಯನ್ನು, ಆ ಸ್ವಾಧೀನವಿಲ್ಲದ ಕೈಯನ್ನೇ, ಎಷ್ಟು ಬಂದರೆ ಅಷ್ಟು ಮುಂದಕ್ಕೆ ಚಾಚಿದರು. ಅವಳು ಅದನ್ನು ಹಿಡಿದು ಎಳೆದು ನಿಲ್ಲಿಸಿದಳು. ಬಿಸಿಲು ಏರುತ್ತಿತ್ತು. ಊರ ಕಡೆ ತಿರುಗಿ ಮೊದಲ ಹೆಜ್ಜೆ ಇಟ್ಟಾಗ ಅವಳು, ಅಮ್ಮನ ಮಣ್ಣು ಮುಗಿಸಿ ತಾನೊಬ್ಬಳೇ ಬಸ್ಸಿನಲ್ಲಿ ವಾಪಸು ಬಂದ ಸಂಜೆಯಿಂದ ಮತ್ತೆ ಶುರುಮಾಡಿದಳು.